ಬಾಯಮ್ಮ ಸೋತ ಆಟ

ಬಾಯಮ್ಮನ ಕೈಗಡಿಯಾರ ಯಾವಾಗಲೂ ಮಣಿಕಟ್ಟಿನ ಒಳಬದಿಗೆ ಮುಖ ಮಾಡಿಕೊಂಡಿರುತ್ತಿತ್ತು. ಜೀವಮಾನವಿಡೀ ನರ್ಸ್ ಆಗಿದ್ದವರು. ರೋಗಿಯ ನಾಡಿ ಹಿಡಿದುಕೊಂಡೇ ಮುಳ್ಳು ನೋಡಲು ಹಾಗೆ ಕಟ್ಟಿಕೊಳ್ಳುವುದು ಅನುಕೂಲವಂತೆ. ನಿವೃತ್ತಿಯಾದ ಮೇಲೂ ಗಡಿಯಾರ ತಿರುಗಲಿಲ್ಲ, ನಾಡಿ ಹಿಡಿಯುವ ಅಭ್ಯಾಸವೂ ಹೋಗಲಿಲ್ಲ. ಯಾರೊಡನೆ ಮಾತಾಡುವುದಿದ್ದರೂ ಮೊದಲು ಅವರ ಮಣಿಕಟ್ಟು ಹಿಡಿಯುತ್ತಿದ್ದರು. ಗಿಡ್ಡ ಬೆರಳುಗಳು, ಬೆಚ್ಚಗೆ, ಸಾಬೂನಿನ ವಾಸನೆ. ಮೀನಿನವಳು, ಕೊರಿಯರ್ ತಂದವನು, ಹಗಲಲ್ಲೇ ತೂಕಡಿಸುವ ವಾಚ್‌ಮನ್, ಎಲ್ಲರ ಕೈಯೂ ಅವರ ಕೈಯೊಳಗೆ ಸ್ವಲ್ಪ ಹೊತ್ತು ಇದ್ದು ಬರುತ್ತಿತ್ತು. ಇಷ್ಟು ಜನರ ನಾಡಿ ನೋಡಿದವರಿಗೆ ಯಾರು ಸುಳ್ಳು ಹೇಳುತ್ತಿದ್ದಾರೆ ಎಂಬುದು ಮಾತ್ರ ಗೊತ್ತಾಗುತ್ತಿರಲಿಲ್ಲ. ಇದನ್ನು ನಾನು ತಮಾಷೆಯಾಗಿ ಎಲ್ಲರಿಗೂ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ.

ಕಾವೂರಿನ ನಮ್ಮ ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಿ ಅವರು ಒಬ್ಬರೇ ಇದ್ದರು. ಮದುವೆಯಾಗಿರಲಿಲ್ಲ. ಮೊದಲು ಊರಲ್ಲಿ, ಆಮೇಲೆ ಗಲ್ಫಿನಲ್ಲಿ ದುಡಿದು, ತಂಗಿಯ ಮಗಳನ್ನು ನರ್ಸಿಂಗ್ ಓದಿಸಿ ಅಲ್ಲಿಗೇ ಕಳಿಸಿ, ತಾವು ಇಲ್ಲಿಗೆ ಬಂದು ನೆಲೆಯಾಗಿದ್ದರು. ಹಳೆಯ ಕಾಲದ ತುಳುವರು ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವಂತೆ ನನ್ನ ಅಮ್ಮ ಅವರನ್ನು ಬಾಯಮ್ಮ ಎಂದು ಕರೆದಳು. ನನಗೂ ಅದೇ ಬಾಯಿಗೆ ಬಂತು. ಅವರಿಗೆ ನಾವೆಲ್ಲ ಪುತಾ, ಅಂದರೆ ಮಗ. ಅರುವತ್ತು ದಾಟಿದ, ನಮ್ಮ ಅಸೋಸಿಯೇಶನ್ನಿನ ಕಾರ್ಯದರ್ಶಿಯೂ ಪುತಾ.

ಅಪಾರ್ಟ್‌ಮೆಂಟಿನ ಅಸೋಸಿಯೇಶನ್‌ಗೆ ಅವರು ಅಧ್ಯಕ್ಷೆಯಾದದ್ದು ಬೇರೆ ಯಾರಿಗೂ ಆ ತಲೆನೋವು ಬೇಡವಾದ್ದರಿಂದ. ಆಗುವುದಿಲ್ಲ ಎಂದು ಹೇಳಲು ಬಾರದವರು ಸಿಕ್ಕರೆ ನಮ್ಮಂಥವರು ಬಿಡುತ್ತಾರೆಯೇ? ಅಧ್ಯಕ್ಷೆಯಾದ ಮೇಲೂ ಅವರಿಗೆ ಆ ಮಾತು ಬರಲಿಲ್ಲ. ಆಗ ಮಾತ್ರ ನಮಗೆ ಸಿಟ್ಟು ಬರಲು ಸುರುವಾಯಿತು.

ಒಮ್ಮೆ ಲಿಫ್ಟ್ ಕೆಟ್ಟಿತು. ರಿಪೇರಿಯವನು ಫೋನಿನಲ್ಲಿ ನಾಳೆ ಬರುತ್ತೇನೆ ಎನ್ನುತ್ತಿದ್ದ, ಬಾಯಮ್ಮ ನಂಬುತ್ತಿದ್ದರು. ಹೀಗೇ ವಾರಗಳು ಹೋದವು. ನಾವಿರುವುದು ಮೂರನೇ ಮಹಡಿ. ಅಮ್ಮನ ಮಂಡಿ ಮೆಟ್ಟಿಲು ಕಂಡರೇ ನಡುಗುತ್ತಿತ್ತು. ಅವಳು ಮನೆಯಲ್ಲೇ ಕೂತುಬಿಟ್ಟಳು. ನಾನು ಕೆಳಗೆ ಹೋಗಿ ಕೇಳಿದೆ.

"ಬಾಯಮ್ಮ, ಕಂಪನಿಗೆ ಒಂದು ಕಂಪ್ಲೇಂಟ್ ಕೊಡಿ. ನಾಳೆಯೇ ಬರ್ತಾನೆ ನೋಡಿ ಅವನು."

ಅವರು ನನ್ನ ಮಣಿಕಟ್ಟು ಹಿಡಿದರು. "ಕಂಪ್ಲೇಂಟ್ ಕೊಟ್ಟರೆ ಅವನ ಕೆಲಸ ಹೋಗ್ತದೆ ಪುತಾ. ಹೆಂಡತಿಗೆ ಹೆರಿಗೆ ಅಂತೆ. ಪಾಪ, ಅವನಿಗೂ ಮನೆ ಉಂಟಲ್ಲ."

"ನಮ್ಮ ಅಮ್ಮನಿಗೂ ಮಂಡಿ ಉಂಟಲ್ಲ ಬಾಯಮ್ಮ."

"ಹೌದು, ಅದೂ ಉಂಟು," ಎಂದು ಅವರು ನಿಜವಾಗಿಯೂ ಯೋಚನೆಗೆ ಬಿದ್ದರು. ಮರುದಿನದಿಂದ ಲಿಫ್ಟ್ ಸರಿಯಾಗುವವರೆಗೆ ಅವರೇ ಮೂರು ಮಹಡಿ ಹತ್ತಿ ಬಂದು ಅಮ್ಮನ ಕಾಲಿಗೆ ಎಣ್ಣೆ ತಿಕ್ಕಿದರು. ಅವರಿಗೂ ವಯಸ್ಸಾಗಿತ್ತು. ಬಾಗಿಲಲ್ಲಿ ನಿಂತು ಏದುಸಿರು ಬಿಡುವುದು ಒಳಗೆ ಕೇಳುತ್ತಿತ್ತು. ನನಗೆ ಅದೂ ಸಿಟ್ಟೇ. ಒಂದು ಫೋನಿನಲ್ಲಿ ಮುಗಿಯುವ ಕೆಲಸಕ್ಕೆ ಈ ಮುದುಕಿ ಮೆಟ್ಟಿಲು ಹತ್ತುತ್ತಾರಲ್ಲ ಎಂದು. ಅಮ್ಮ ಮಾತ್ರ ಲಿಫ್ಟ್ ಸರಿಯಾದ ದಿನ ಸ್ವಲ್ಪ ಸಪ್ಪಗಾದಳು.

ನಾನು ಬದುಕುವುದು ಮೊಬೈಲ್ ಗೇಮ್‌ಗಳಿಗೆ ಕಥೆ ಬರೆದು. ಹಂಪನಕಟ್ಟೆಯಲ್ಲಿ ಹಳೆಯ ಕಟ್ಟಡವೊಂದರ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಕೆಳಗೆ ಸಿಟಿ ಬಸ್ಸಿನ ಕಂಡಕ್ಟರುಗಳು ಕೂಗುವುದು ನಮ್ಮ ಕಿವಿಗೇ ಬರುತ್ತದೆ. ಆ ವರ್ಷ ಒಂದು ಕೋಟೆಯ ಆಟ ಮಾಡುತ್ತಿದ್ದೆವು. ಕೋಟೆಗೊಬ್ಬ ಮುಖ್ಯಸ್ಥ ಬೇಕು. ನಾನು ಕ್ರೂರಿ ರಾಜನೊಬ್ಬನನ್ನು ಬರೆದುಕೊಂಡು ಹೋದೆ. ಬಾಸ್ ಓದಿ ಬದಿಗಿಟ್ಟರು.

"ಕೆಟ್ಟ ರಾಜ ಎಲ್ಲ ಗೇಮಿನಲ್ಲೂ ಉಂಟು ಮಾರಾಯ. ಅವನನ್ನು ಸೋಲಿಸಿದರೆ ಎಂತ ಮಜಾ? ಒಳ್ಳೆಯವಳು ಬೇಕು. ಅವಳ ಒಳ್ಳೆಯತನದಿಂದಲೇ ಕೋಟೆ ಹೋಗಬೇಕು. ಆಡುವವನಿಗೆ ಅವಳ ಮೇಲೆ ಪಾಪವೂ ಕಾಣಬೇಕು, ಕಪಾಳಕ್ಕೆ ಎರಡು ಕೊಡುವ ಅಂತಲೂ ಕಾಣಬೇಕು."

ಅಂಥವರೊಬ್ಬರು ನನ್ನ ಮನೆಯ ಕೆಳಗೇ ಇದ್ದರು.

ಕೋಟೆಯ ಒಡತಿಯನ್ನು ನಾನು ಒಂದೇ ವಾರದಲ್ಲಿ ಬರೆದು ಮುಗಿಸಿದೆ. ಬರೆದೆ ಎನ್ನುವುದಕ್ಕಿಂತ ಕೆಳಗಿನಿಂದ ಎತ್ತಿಕೊಂಡು ಬಂದೆ ಎನ್ನಬೇಕು. ಅವಳು ಎಲ್ಲರ ಮಣಿಕಟ್ಟು ಹಿಡಿದು ಮಾತಾಡುತ್ತಾಳೆ. ತಪ್ಪು ಮಾಡಿದ ಕಾವಲುಗಾರನನ್ನು, ಕಳ್ಳ ವ್ಯಾಪಾರಿಯನ್ನು, ಎಲ್ಲರನ್ನೂ "ಪಾಪ, ಅವರಿಗೂ ಮನೆ ಉಂಟಲ್ಲ" ಎಂದು ಬಿಟ್ಟುಬಿಡುತ್ತಾಳೆ. ಚಿತ್ರ ಬಿಡಿಸುವವರಿಗೆ ಕೈ ಹಿಡಿಯುವ ರೀತಿಯನ್ನು ನಾನೇ ಹಿಡಿದು ತೋರಿಸಿದೆ. ದನಿ ಕೊಡಲು ಬಂದ ಹುಡುಗಿಗೆ ಆ ಮಾತನ್ನು ಎಲ್ಲಿ ಎಳೆದರೆ ನಗು ಬರುತ್ತದೆ ಎಂದು ಹೇಳಿಕೊಟ್ಟೆ. ಎಲ್ಲರೂ ನಕ್ಕರು. ನನ್ನ ಕೆಲಸದ ಬಗ್ಗೆ ನನಗೆ ಅಷ್ಟು ಹೆಮ್ಮೆ ಅದಕ್ಕೂ ಮೊದಲು ಆಗಿರಲಿಲ್ಲ.

ಆಟದ ಮುಖ್ಯ ತಿರುವನ್ನೂ ಬಾಯಮ್ಮನಿಂದಲೇ ತೆಗೆದೆ. ನಮ್ಮ ಕಂಪೌಂಡಿನೊಳಗೆ ಒಂದು ಬಾವಿಯಿದೆ. ಗೋಡೆಯ ಹಿಂದೆ ಸಾಲಾಗಿ ಬಾಡಿಗೆಯ ಸಣ್ಣ ಮನೆಗಳು. ಆ ಬೇಸಿಗೆಯಲ್ಲಿ ಅಲ್ಲಿನ ಸಾರ್ವಜನಿಕ ನಲ್ಲಿ ಒಣಗಿದಾಗ ಬಾಯಮ್ಮ ಹಿಂಬದಿಯ ಚಿಕ್ಕ ಗೇಟನ್ನು ತೆರೆಸಿದ್ದರು. ಬೆಳಗ್ಗೆ ಹೆಂಗಸರು ಕೊಡ ಹಿಡಿದು ಬಂದು ನೀರು ಸೇದಿಕೊಂಡು ಹೋಗುತ್ತಿದ್ದರು. ನನ್ನ ಆಟದಲ್ಲಿ ಕೋಟೆಯೊಳಗೆ ಬಾವಿ, ಹೊರಗೆ ಬಾಯಾರಿದ ಜನ. ಬಾಗಿಲು ತೆರೆ ಎಂದು ಒಡತಿ ಹೇಳುತ್ತಾಳೆ. ಆಡುವವರು ಅವಳ ದಳವಾಯಿ. ಅವಳ ಮಾತು ಕೇಳಿ ಬಾಗಿಲು ತೆರೆದರೆ, ಬಂದ ಜನರ ನಡುವೆ ಶತ್ರುಗಳಿರುತ್ತಾರೆ, ಕೋಟೆ ಬೀಳುತ್ತದೆ. ಗೆಲ್ಲಬೇಕಾದರೆ ಒಡತಿಯನ್ನು ಕೋಣೆಯಲ್ಲಿ ಹಾಕಿ ಬೀಗ ಜಡಿದು ಕೋಟೆಯನ್ನು ತಾವೇ ವಹಿಸಿಕೊಳ್ಳಬೇಕು.

ಕನಿಕರ ಪಡುವವರು ಮುಖಂಡರಾಗಬಾರದು, ಎಲ್ಲರನ್ನೂ ನಂಬುವವರ ಕೈಗೆ ಕೀಲಿಕೈ ಕೊಡಬಾರದು. ಇಂಥ ಆಟಗಳೆಲ್ಲ ಕಲಿಸುವ ಪಾಠ ಇದು. ನಾನೂ ಅದನ್ನು ಬದುಕಿನ ಸತ್ಯವೆಂದೇ ತಿಳಿದು ಬರೆದೆ. ಆದರೆ ನೀರಿಗೆ ಬಂದವರ ನಡುವೆ ಶತ್ರುಗಳು ಇದ್ದದ್ದು ಏಕೆ? ನಾನು ಇಟ್ಟೆ, ಅದಕ್ಕೆ. ನಮ್ಮ ಹಿಂದಿನ ಸಾಲುಮನೆಯವರಲ್ಲಿ ಒಬ್ಬರೂ ಬಾವಿಯ ಹಗ್ಗವನ್ನು ಸಹ ಒಯ್ದವರಲ್ಲ. ಅದು ನನಗೆ ಬರೆಯುವಾಗಲೂ ಗೊತ್ತಿತ್ತು.

ಆಟ ಚೆನ್ನಾಗಿ ಓಡಿತು. ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳೂ ಆಡಿದರು, ಅವರ ಅಪ್ಪಂದಿರೂ ಆಡಿದರು. ಒಡತಿ ಯಾರೆಂದು ಯಾರಿಗೂ ಹೇಳಿಕೊಡಬೇಕಾಗಲಿಲ್ಲ. ಲಿಫ್ಟಿನಲ್ಲಿ ಒಬ್ಬರು ಇನ್ನೊಬ್ಬರ ಮಣಿಕಟ್ಟು ಹಿಡಿದು ಆ ಮಾತು ಹೇಳುವುದು, ಕಿಸಕ್ಕನೆ ನಗುವುದು ಸುರುವಾಯಿತು. ಬಾಯಮ್ಮ ಒಳಗೆ ಬಂದರೆ ಎಲ್ಲರೂ ಮೇಲಿನ ಫ್ಯಾನ್ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ.

ಮುಂದಿನ ಬೇಸಿಗೆ ಮೊದಲಿನದಕ್ಕಿಂತ ಕಷ್ಟದ್ದಾಯಿತು. ನಗರದ ನೀರು ದಿನ ಬಿಟ್ಟು ದಿನ ಬರತೊಡಗಿತು, ನಮ್ಮ ಬಾವಿಯ ತಳದ ಕಲ್ಲು ಕಾಣಿಸಿತು. ಹಿಂಬದಿಯ ಗೇಟಿನ ಬಗ್ಗೆ ಸಭೆ ಕರೆದರು. ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಎಲ್ಲರೂ ಕೂತೆವು.

ಕಾರ್ಯದರ್ಶಿ ನೇರವಾಗಿ ಹೇಳಿದರು. "ನಮಗೇ ನೀರಿಲ್ಲ. ಆ ಗೇಟಿಗೆ ಬೀಗ ಹಾಕುವ."

"ಅವರಿಗೆ ಬೇರೆ ಬಾವಿ ಇಲ್ಲ ಅಲ್ವಾ," ಎಂದರು ಬಾಯಮ್ಮ. "ನಾವು ಒಂದೊಂದು ಮನೆಯವರು ಒಂದೊಂದು ಬಾಲ್ದಿ ಕಡಿಮೆ ಖರ್ಚು ಮಾಡಿದರೆ ಎಲ್ಲರಿಗೂ ಆಗ್ತದೆ."

"ಇವತ್ತು ಕೊಡ ತರ್ತಾರೆ. ನಾಳೆ ಪೈಪು ತಂದರೆ? ಪಂಪು ತಂದರೆ?"

"ಹಾಗೆ ಮಾಡುವ ಜನ ಅಲ್ಲ ಅವರು, ಪುತಾ."

ಕಾರ್ಯದರ್ಶಿ ಪಕ್ಕದಲ್ಲಿ ಕೂತಿದ್ದವರ ಮಣಿಕಟ್ಟು ಹಿಡಿದರು. ದನಿಯನ್ನು ಸಣ್ಣ ಮಾಡಿ, ಎಲ್ಲಿ ಎಳೆಯಬೇಕೋ ಅಲ್ಲಿ ಎಳೆದು ಹೇಳಿದರು, "ಪಾಪ, ಅವರಿಗೂ ಮನೆ ಉಂಟಲ್ಲ."

ಸಭೆಗೆ ಸಭೆಯೇ ನಕ್ಕಿತು. ಬಾಯಮ್ಮನಿಗೆ ವಿಷಯ ತಿಳಿಯಲಿಲ್ಲ. ಎಲ್ಲರೂ ನಗುವಾಗ ತಾವೊಬ್ಬರೇ ಸುಮ್ಮನಿದ್ದರೆ ಚೆನ್ನಲ್ಲವೆಂದು ಅವರೂ ನಕ್ಕರು. ಆಮೇಲೆ ಆ ನಗುವಿನಲ್ಲೇ ಕೆಲಸ ಮುಗಿಯಿತು. ಗೇಟಿಗೆ ಬೀಗ, ಅಧ್ಯಕ್ಷತೆಗೆ ಬಾಯಮ್ಮನ ಬದಲು ಕಾರ್ಯದರ್ಶಿ. ಬದಲಾವಣೆಗೆ ಕೈ ಎತ್ತಿ ಎಂದರು. ನಾನು ಎತ್ತಿದೆ. ಅಮ್ಮ ಪಕ್ಕದಿಂದ ನನ್ನ ತೋಳು ಹಿಡಿದು ಕೆಳಗೆ ಎಳೆದಳು, ನಾನು ಕೊಸರಿಕೊಂಡು ಇನ್ನೂ ಮೇಲೆ ಎತ್ತಿದೆ. ಬಾಯಮ್ಮ ನನ್ನ ಕಡೆ ನೋಡಿ ತಲೆಯಾಡಿಸಿದರು, ನೀನು ಸರಿ ಎಂದು ಕಂಡದ್ದನ್ನು ಮಾಡಿದೆ ಎನ್ನುವ ಹಾಗೆ. ಆ ತಲೆಯಾಡಿಸುವಿಕೆಯನ್ನು ನೆನೆದರೆ ನನಗೆ ಈಗಲೂ ಎಲ್ಲಾದರೂ ಹೋಗಿ ಅಡಗಿಕೊಳ್ಳಬೇಕೆನಿಸುತ್ತದೆ.

ಮರುದಿನ ಬೆಳಗ್ಗೆ ನೋಡಿದರೆ ಅವರ ಅಡುಗೆಮನೆಯ ಕಿಟಕಿಯಿಂದ ಹಸಿರು ಪೈಪೊಂದು ಹೊರಗೆ ಬಂದು ಗೋಡೆ ದಾಟಿತ್ತು. ತಮ್ಮ ಪಾಲಿನ ನೀರನ್ನು ತಮ್ಮ ನಲ್ಲಿಯಿಂದ ಕೊಡುತ್ತಿದ್ದರು. ಅದಕ್ಕೆ ಬೇಡವೆನ್ನುವ ನಿಯಮ ಯಾರಿಗೂ ಸಿಗಲಿಲ್ಲ. ಗೋಡೆಯಾಚೆ ಕೊಡಗಳ ಸದ್ದು ಕೇಳುತ್ತಿತ್ತು. ಬಾವಿಯೂ ಆ ವರ್ಷ ಬತ್ತಲಿಲ್ಲ. ಗೇಟು ಮುಚ್ಚಿದ್ದರಿಂದಲೇ ಬತ್ತಲಿಲ್ಲ ಎಂದು ಕಾರ್ಯದರ್ಶಿಯಾಗಿದ್ದವರು ಹೇಳುತ್ತಾರೆ. ಇರಬಹುದು. ನಾನು ಅದನ್ನು ಅಲ್ಲಗಳೆಯಲಾರೆ.

ಅದೇ ವಾರ ಅವರು ನನ್ನನ್ನು ಮೆಟ್ಟಿಲ ಬಳಿ ನಿಲ್ಲಿಸಿದರು. "ಮೊನ್ನೆ ಎಲ್ಲ ನಗಾಡಿದ್ದು ಎಂತಕ್ಕೆ?"

"ಒಂದು ಗೇಮ್ ಉಂಟು ಬಾಯಮ್ಮ. ಅದರಲ್ಲಿ ಆ ಮಾತು ಬರ್ತದೆ."

"ಯಾರ ಗೇಮು? ನಿನ್ನದಾ?"

ಹೌದೆಂದೆ. ಅವರ ಮುಖ ಅರಳಿತು. "ನೀನು ಬರೆದದ್ದಾ? ಮೊದಲೇ ಹೇಳ್ಬಾರದಾ ಮಾರಾಯ. ಇಕೊ, ನನ್ನ ಫೋನಿಗೆ ಹಾಕಿ ಕೊಡು."

ಫೋನಿನಲ್ಲಿ ಜಾಗವಿಲ್ಲ ಎನ್ನಬಹುದಿತ್ತು. ಹಳೆಯ ಫೋನಿಗೆ ಬರುವುದಿಲ್ಲ ಎನ್ನಬಹುದಿತ್ತು. ಅವರು ಖಂಡಿತ ನಂಬುತ್ತಿದ್ದರು. ಆದರೆ ನನಗೆ ಆ ಹೊತ್ತಿಗೆ ಏನೂ ಹೊಳೆಯಲಿಲ್ಲ. ಹಾಕಿ ಕೊಟ್ಟೆ, ಹೇಗೆ ಆಡುವುದೆಂದು ತೋರಿಸಿಯೂ ಕೊಟ್ಟೆ. ಆಮೇಲೆ ಕೆಲವು ದಿನ ಅವರ ಕಣ್ಣಿಗೆ ಬೀಳದಂತೆ ಬೈಕನ್ನು ಹೊರಗೆ ರಸ್ತೆಯಲ್ಲೇ ನಿಲ್ಲಿಸಿ ಓಡಾಡಿದೆ.

ಒಂದು ಭಾನುವಾರ ಅವರು ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿಸಿ ಬರುವಾಗ ಗೇಟಿನಲ್ಲೇ ಸಿಕ್ಕಿಬಿದ್ದೆ. ಮಣಿಕಟ್ಟು ಅವರ ಕೈಗೆ ಹೋಯಿತು.

"ಆ ಒಡತಿ ಕೈ ಹಿಡಿಯುವುದು ನನ್ನ ಹಾಗೆಯೇ ಉಂಟಲ್ಲ ಪುತಾ. ನನ್ನನ್ನು ನೋಡಿ ಬರೆದದ್ದಾ?"

ನಾನು ಚಪ್ಪಲಿ ನೋಡುತ್ತ ಹೌದೆಂದೆ. ಬೈಯಲಿ ಎಂದು ಕಾದೆ.

"ದೇವರು ನಿನ್ನನ್ನು ಚೆನ್ನಾಗಿಡಲಿ. ನಮ್ಮಂಥವರ ಬಗ್ಗೆ ಯಾರು ಬರೀತಾರೆ ಹೇಳು. ಕುವೈತಿಗೆ ಫೋನ್ ಮಾಡಿ ತಂಗಿಯ ಮಗಳಿಗೂ ಹೇಳಿದೆ, ನನ್ನನ್ನು ರಾಣಿ ಮಾಡಿದ್ದಾನೆ ನೋಡು ಅಂತ." ಸ್ವಲ್ಪ ಹತ್ತಿರ ಬಂದು, ಗುಟ್ಟು ಕೇಳುವಂತೆ ಕೇಳಿದರು, "ಆದರೆ ಒಂದು ಕಡೆ ನನಗೆ ದಾಟ್ಲಿಕ್ಕೆ ಆಗುದಿಲ್ಲ. ಬಾಗಿಲು ತೆಗೆದರೆ ಕೋಟೆ ಹೋಗ್ತದೆ. ಆ ಹೆಂಗಸನ್ನು ಕೋಣೆಯಲ್ಲಿ ಹಾಕಿ ಬೀಗ ಹಾಕ್ಲಿಕ್ಕೆ ನನಗೆ ಮನಸ್ಸು ಬರುದಿಲ್ಲ. ಬಾಗಿಲು ತೆಗೆದೂ ಗೆಲ್ಲುವ ದಾರಿ ಎಲ್ಲುಂಟು? ನೀನು ಇಟ್ಟೇ ಇಟ್ಟಿರ್ತಿ. ನನಗೆ ಸಿಗ್ತಾ ಇಲ್ಲ ಅಷ್ಟೆ."

ಇಲ್ಲ ಬಾಯಮ್ಮ, ಆ ದಾರಿಯನ್ನು ನಾನು ಬರೆಯಲಿಲ್ಲ, ನನಗೆ ಹೊಳೆಯಲೂ ಇಲ್ಲ ಎಂದು ಹೇಳಿದ್ದರೆ ಸಾಕಿತ್ತು. ಅವರ ಬೆರಳು ನನ್ನ ನಾಡಿಯ ಮೇಲೇ ಇತ್ತು.

"ಉಂಟು ಬಾಯಮ್ಮ," ಎಂದೆ. "ಸ್ವಲ್ಪ ಕಷ್ಟ. ಆಡ್ತಾ ಇರಿ, ಸಿಗ್ತದೆ."

"ಎಲ್ಲಿ ಅಂತ ಹೇಳ್ಬೇಡ. ನಾನೇ ಹುಡುಕ್ತೇನೆ," ಎಂದು ಖುಷಿಯಿಂದ ಒಳಗೆ ಹೋದರು.

ಆ ಸುಳ್ಳನ್ನು ನಿಜ ಮಾಡಲು ನಾನು ಪ್ರಯತ್ನ ಪಡಲಿಲ್ಲವೆಂದಲ್ಲ. ಆಫೀಸಿನಲ್ಲಿ ಕೂತು ಬರೆದು ನೋಡಿದೆ. ಬಾಗಿಲು ತೆರೆಯಿತು, ಜನ ಬಂದರು, ನೀರು ಕುಡಿದರು, ಅವರೆಲ್ಲ ಒಳ್ಳೆಯವರಾಗಿದ್ದರು. ಅಷ್ಟು ಬರೆಯುವಷ್ಟರಲ್ಲಿ ನನಗೇ ನಗು ಬಂತು. ಗೋಡೆಯ ಹಿಂದೆ ಕಣ್ಣಾರೆ ಕಂಡದ್ದನ್ನು ಬರೆದರೆ ಅದು ಸುಳ್ಳಿನಂತೆ ಕಾಣುತ್ತಿತ್ತು. ಬಾಸ್‌ಗೆ ಹೇಳಿದಾಗ ಅವರು ತಲೆ ಎತ್ತಲಿಲ್ಲ. "ಬೇಡ ಮಾರಾಯ. ಜನ ಆಡುವುದೇ ಅವಳನ್ನು ಕೋಣೆಗೆ ಹಾಕ್ಲಿಕ್ಕೆ." ನಾನು ಇನ್ನೊಮ್ಮೆ ಕೇಳಲಿಲ್ಲ.

ಬಾಯಮ್ಮ ಆಡುತ್ತಲೇ ಇದ್ದರು. ಸಂಜೆ ಬಾವಿಕಟ್ಟೆಯ ಬಳಿ ಕುರ್ಚಿ ಹಾಕಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಫೋನನ್ನು ಎರಡೂ ಕೈಯಲ್ಲಿ ಹಿಡಿದು. ಕೋಟೆ ಬೀಳುವ ಸದ್ದು ಮೂರನೇ ಮಹಡಿಯ ನಮ್ಮ ಬಾಲ್ಕನಿಗೂ ಕೇಳುತ್ತಿತ್ತು. ಅಮ್ಮ ಮೇಲಿನಿಂದಲೇ ವಿಚಾರಿಸುತ್ತಿದ್ದಳು, "ಇವತ್ತೂ ಸೋತಿರಾ ಬಾಯಮ್ಮ?"

"ಸೋತರೆ ಎಂತ? ಪುನಃ ಸುರುವಿಂದ."

ಡಿಸೆಂಬರ್ ಬಂತು. ಕ್ರಿಸ್ಮಸ್ಸಿನ ಕುಸ್ವಾರ್ ತಿಂಡಿಗಳನ್ನು ಅವರು ಎಂದಿನಂತೆ ಎಲ್ಲ ಮನೆಗಳಿಗೂ ಹಂಚಿದರು. ನೆವ್ರಿ, ಕಿಡಿಯೊ, ಎಳ್ಳುಂಡೆ, ಮೇಲೆ ಕ್ರೋಶಾ ಹೆಣಿಗೆಯ ಬಿಳಿ ಬಟ್ಟೆ. ತಮ್ಮ ಜಾಗಕ್ಕೆ ಬಂದ ಹೊಸ ಅಧ್ಯಕ್ಷರ, ಅಂದರೆ ಹಳೆಯ ಕಾರ್ಯದರ್ಶಿಯ, ತಟ್ಟೆಯಲ್ಲಿ ಒಂದು ನೆವ್ರಿ ಜಾಸ್ತಿಯೇ ಇತ್ತು. ಅವರಿಗೆ ಅದು ಇಷ್ಟವೆಂದು ಬಾಯಮ್ಮನಿಗೆ ನೆನಪಿತ್ತಂತೆ. ಸಾಲುಮನೆಯವರ ತಟ್ಟೆಗಳು ಮಾತ್ರ ಗೇಟಿಗೆ ಬೀಗವಿದ್ದದ್ದರಿಂದ ಮುಖ್ಯರಸ್ತೆ ಸುತ್ತಿ ಹೋದವು. ಆ ಸಲ ಅವರು ತೆಳ್ಳಗಾಗಿದ್ದರು. ಗಡಿಯಾರ ಮಣಿಕಟ್ಟಿನಿಂದ ಜಾರಿ ಮೊಣಕೈ ಕಡೆಗೆ ಹೋಗುತ್ತಿತ್ತು. ಹೊಟ್ಟೆನೋವು ಎಂದು ಹೇಳಿಕೊಂಡದ್ದು ಅದಾದ ಮೇಲೆ. ನರ್ಸ್ ಆಗಿದ್ದವರಿಗೆ ಅದೇನೆಂದು ಮೊದಲೇ ಗೊತ್ತಿದ್ದಿರಬೇಕು.

ಆಸ್ಪತ್ರೆಗೆ ನಾನು ಒಮ್ಮೆ ಹೋದೆ. ದಿಂಬಿನ ಪಕ್ಕದಲ್ಲಿ ಫೋನಿತ್ತು. ಕುವೈತಿನಿಂದ ಬಂದ ತಂಗಿಯ ಮಗಳು ಕುರ್ಚಿ ಬಿಟ್ಟುಕೊಟ್ಟಳು. ಬಾಯಮ್ಮ ನನ್ನ ಕೈ ಹಿಡಿದರು, ಹಿಡಿತದಲ್ಲಿ ಬಲವಿರಲಿಲ್ಲ. "ಇನ್ನೂ ಸಿಗಲಿಲ್ಲ ಪುತಾ. ಹತ್ತಿರ ಬಂದಿದ್ದೇನೆ ಅಂತ ಕಾಣ್ತದೆ," ಎಂದರು. ನಿಜ ಹೇಳಲು ಅದು ನನಗೆ ಸಿಕ್ಕಿದ ಕೊನೆಯ ಅವಕಾಶ. ಹ್ಞಾಂ ಬಾಯಮ್ಮ, ಹತ್ತಿರವೇ ಉಂಟು ಎಂದುಬಿಟ್ಟೆ.

ಲೆಂಟ್ ಉಪವಾಸದ ಕಾಲ ಮುಗಿಯುವ ಮೊದಲೇ, ಈಸ್ಟರಿಗೆ ಇನ್ನೂ ದಿನಗಳಿರುವಾಗ ಅವರು ಹೋದರು. ಇಗರ್ಜಿಗೆ ಒಯ್ಯುವ ಮೊದಲು ಮನೆಯಲ್ಲಿ ಇಟ್ಟಿದ್ದರು. ಕಪ್ಪು ಜಪಮಾಲೆ ಸುತ್ತಿದ ಕೈಗಳು, ಗಡಿಯಾರ ತೆಗೆದಿದ್ದರು. ಅದಿದ್ದ ಜಾಗದಲ್ಲಿ ಬೆಳ್ಳಗಿನ ಗುರುತು. ಸಾಲುಮನೆಯ ಹೆಂಗಸರು ಬಿಸಿಲಲ್ಲಿ ಮುಖ್ಯರಸ್ತೆ ಸುತ್ತಿ ಬಂದು ಬೆವರು ಒರೆಸುತ್ತ ಸಾಲಿನಲ್ಲಿ ನಿಂತಿದ್ದರು. ಚಿಕ್ಕ ಗೇಟು ಅಲ್ಲೇ ಹಿಂದೆ ಇತ್ತು, ತೆರೆಯಬೇಕೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಎಲ್ಲ ಮುಗಿದ ಮೇಲೆ ತಂಗಿಯ ಮಗಳು ನಮ್ಮ ಮನೆಗೆ ಬಂದಳು. ಕೈಯಲ್ಲಿ ಆ ಫೋನಿತ್ತು. ದೊಡ್ಡಮ್ಮನನ್ನು ಅವಳು ಮಾವ್ಶಿ ಎಂದು ಕರೆಯುತ್ತಿದ್ದಳು.

"ಮಾವ್ಶಿ ಕೊನೆಗೆ ಕಣ್ಣು ಕಾಣದಿದ್ದಾಗ ನನ್ನ ಹತ್ತಿರ ಆಡಿಸಿದರು. ಬಾಗಿಲು ತೆಗಿ, ತೆಗಿ ಅಂತಿದ್ದರು. ನಿಮಗೆ ದಾರಿ ಗೊತ್ತುಂಟು, ಕೇಳಿಕೊ ಅಂತ ಹೇಳಿದ್ದಾರೆ. ಒಮ್ಮೆ ಗೆದ್ದು ನೋಡ್ಬೇಕು ನನಗೆ, ಅವರ ಲೆಕ್ಕದಲ್ಲಿ."

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. "ದಾರಿ ಇಲ್ಲ," ಎಂದೆ. "ನಾನು ಬರೆಯಲಿಲ್ಲ. ಸುಳ್ಳು ಹೇಳಿದೆ."

ಅವಳು ನನ್ನ ಮುಖವನ್ನೇ ನೋಡಿದಳು. "ಹಾಗಾದರೆ ಮಾವ್ಶಿ ಇಷ್ಟು ದಿನ..." ಎಂದು ಎದ್ದಳು. ಚಹಾ ಕುಡಿಯದೆ ಹೋದಳು. ಅಮ್ಮ ಆ ಲೋಟವನ್ನು ತೆಗೆದು ಚೆಲ್ಲಿದಳು, ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ಈಗ ಪುನಃ ಬೇಸಿಗೆ. ನೆಲಮಹಡಿಯ ಮನೆಗೆ ಬೀಗ ಬಿದ್ದಿದೆ, ಕಿಟಕಿಯಲ್ಲಿ ಹಸಿರು ಪೈಪಿಲ್ಲ. ಬೆಳಗ್ಗೆ ಗೋಡೆಯಾಚೆ ಕೊಡಗಳ ಸದ್ದೂ ಇಲ್ಲ. ಹೆಂಗಸರು ಎಲ್ಲಿಗೋ ದೂರ ಹೋಗುತ್ತಾರೆ. ಕಳೆದ ಸಭೆಯಲ್ಲಿ ಬೇರೆ ವಿಷಯಗಳೆಲ್ಲ ಮುಗಿದ ಮೇಲೆ ನಾನು ಎದ್ದು ನಿಂತೆ. ಹಿಂಬದಿಯ ಗೇಟನ್ನು ಬೆಳಗ್ಗೆ ಒಂದು ಗಂಟೆಯಾದರೂ ತೆರೆಯುವ, ಮನೆಗೊಂದು ಬಾಲ್ದಿ ಕಡಿಮೆ ಖರ್ಚು ಮಾಡಿದರೆ ಆಗ್ತದೆ ಎಂದೆ. ಅಧ್ಯಕ್ಷರು ಕೇಳಿದರು, "ಪಂಪು ತಂದರೆ?" ಹಾಗೆ ಮಾಡುವ ಜನ ಅಲ್ಲ ಅವರು ಎಂದೆ. ಅದನ್ನು ಹೇಳುವಾಗ ನನ್ನ ದನಿ ನನಗೇ ಪೆದ್ದನ ದನಿಯಂತೆ ಕೇಳಿಸಿತು.

ಹಿಂದಿನ ಸಾಲಿನಿಂದ ಯಾರೋ ಮೆಲ್ಲಗೆ, ಎಲ್ಲಿ ಎಳೆಯಬೇಕೋ ಅಲ್ಲಿ ಎಳೆದು ಹೇಳಿದರು, "ಪಾಪ, ಅವರಿಗೂ ಮನೆ ಉಂಟಲ್ಲ." ಎಲ್ಲರೂ ನಕ್ಕರು. ನಾನೂ ನಗಲು ನೋಡಿದೆ, ಬಾಯಮ್ಮ ಅಂದು ನಕ್ಕ ಹಾಗೆ. ಆಗಲಿಲ್ಲ.

ತೆರೆಯಬೇಕು ಎನ್ನುವವರು ಕೈ ಎತ್ತಿ ಎಂದರು. ಮಂಡಿನೋವೆಂದು ಅಮ್ಮ ಕೆಳಗೆ ಬಂದಿರಲಿಲ್ಲ. ಎತ್ತಿದವನು ನಾನೊಬ್ಬನೇ. ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದೆ. ಆಮೇಲೆ ಕೈ ಇಳಿಸಿದೆ. ಸೋತರೆ ಎಂತ, ಪುನಃ ಸುರುವಿಂದ ಎಂದು ನನ್ನ ಮಣಿಕಟ್ಟು ಹಿಡಿಯುವವರು ಅಲ್ಲಿ ಯಾರೂ ಇರಲಿಲ್ಲ.